ಹೆಸರಿಲ್ಲದ ಹಾಳೆ

"ಇಕಿ ನಮ್ಮೂರ ಗಿರಣಿ ಕರೆಮ್ಮ ಅಲ್ಲೇನವಾ?" ಎಂದು ಪಂಪಣ್ಣ ಹಾಳೆಯಿಂದ ತಲೆ ಎತ್ತಿದ.

ಮಸ್ಕಿ ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಎದುರಿಗೆ ಕೂತಿದ್ದ ಮೆಹರಬಾನು ಚಹಾದ ಲೋಟ ಕೆಳಗಿಟ್ಟಳು. ಹೆಂಗಸರು ಮುಖಕ್ಕೆ ಏನು ಹಚ್ಚುತ್ತಾರೆಂದು ಊರೂರು ತಿರುಗಿ ಕೇಳಿ, ಸ್ನೋ ಪೌಡರಿನ ಕಂಪನಿಗೆ ಬರೆದುಕೊಡುವುದು ಅವಳ ಕೆಲಸ. ಬರೆದದ್ದನ್ನು ನೋಡಿ ಸಹಿ ಹಾಕುವವನು ಪಾಮನಕಲ್ಲೂರಿನ ಈ ಪಂಪಣ್ಣ. ಯಾರ ಹೆಸರನ್ನೂ ಬರೆಯಬಾರದೆಂದು ಕಂಪನಿಯವರು ಹೇಳಿದ್ದರು, ಅವಳು ಬರೆದಿರಲಿಲ್ಲ. ವಯಸ್ಸು ನಲವತ್ತಾರು, ಗಂಡ ತೀರಿದ್ದಾನೆ, ಊರು ಪಾಮನಕಲ್ಲೂರು, ಹಿಟ್ಟಿನ ಗಿರಣಿ, ದಿನಾ ಸ್ನೋ ಹಚ್ಚುತ್ತಾಳೆ. ಇಷ್ಟೇ.

"ಅದರಾಗ ಹೆಸರೆಲ್ಲೈತ್ರಿ?"

"ಹೆಸರ್ಯಾಕ ಬೇಕು? ಗಿರಣಿ ನಡಸೋ ಹೆಣ್ಮಗಳು ನಮ್ಮೂರಾಗ ಇನ್ನೊಬ್ಬಾಕಿ ಎಲ್ಲದಾಳ?" ನಗಲು ಹೊರಟಿದ್ದ ಪಂಪಣ್ಣ ಅವಳ ಮುಖ ನೋಡಿ ಹಾಳೆ ಮಡಚಿದ.

ಕರೆಮ್ಮ ಜೋಳ ಬೀಸಲು ಬಂದವರನ್ನೆಲ್ಲ ಕಳಿಸಿ, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಹೇಳಿದ ಮಾತದು. ಗಂಡ ಹೋಗಿ ಒಂಬತ್ತು ವರ್ಷ. ಒಳಗೆ ಒಬ್ಬಳೇ ಸ್ನೋ ಹಚ್ಚಿಕೊಂಡು ಒಂದಿಷ್ಟು ಹೊತ್ತು ಕನ್ನಡಿ ನೋಡುತ್ತಾಳೆ, ಆಮೇಲೆ ಮುಖ ತೊಳೆದುಕೊಂಡೇ ಹೊರಗೆ ಬರುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲವೆಂದು ಮೆಹರಬಾನು ಮಾತು ಕೊಟ್ಟಿದ್ದಳು. ಈಗ ಈ ಹಾಳೆ ಲಿಂಗಸುಗೂರು, ರಾಯಚೂರು ದಾಟಿ ಎಷ್ಟು ಜನರ ಕೈಗೆ ಹೋಗುತ್ತದೋ. ತಾನು ಬಾಯಿ ಬಿಡುವುದಿಲ್ಲವೆಂದ ಪಂಪಣ್ಣ ಹಾಳೆಯನ್ನು ಅವಳಿಗೇ ವಾಪಸು ಕೊಟ್ಟ. ಅವಳು ಪಾಮನಕಲ್ಲೂರಿಗೆ ಸಿಕ್ಕ ಬಸ್ಸು ಹತ್ತಿದಳು.

ಕರೆಮ್ಮ ಗಿರಣಿ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು. ಯಾರು ಓದಿದರೆಂದಳು. ಮೆಹರಬಾನು ಮುಚ್ಚಿಡಲಿಲ್ಲ.

"ಹೆಸರೊಂದು ಬಿಟ್ರ ಸಾಕು ಅನ್ಕೊಂಡಿದ್ದೆ, ಅಮ್ಮಾ. ತಪ್ಪು ನಂದು. ಇದನ್ನ ಹರದು ಹಾಕ್ಲೇನು?"

ಕರೆಮ್ಮನಿಗೆ ಓದಲು ಬಾರದು. ಗಿರಣಿ ಎಂದು ಎಲ್ಲಿ ಬರೆದಿದೆ, ಊರು ಎಲ್ಲಿದೆ, ಸ್ನೋ ಎಲ್ಲಿದೆ ಎಂದು ಒಂದೊಂದಾಗಿ ಕೇಳಿದಳು. ಮೆಹರಬಾನು ಬೆರಳಿಟ್ಟು ತೋರಿಸಿದಳು. ಕರೆಮ್ಮ ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದಳು. ಆಮೇಲೆ ಹುಡುಗಿಯ ಬೆವೆತ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು.

"ಹರೀಬ್ಯಾಡವಾ. ಗಿರಣಿ ಮ್ಯಾಲ ಗೀಟು ಹೊಡಿ, ಊರಿನ ಮ್ಯಾಲೂ ಹೊಡಿ. ಸ್ನೋ ಮಾತ್ರ ಇರ್ಲಿ. ನನ್ನಂಥಾಕಿನೂ ಹಚ್ಕೋತಾಳಂತ ಅವರಿಗೆ ಗೊತ್ತಾಗ್ಲಿ."