ಶಕ್ತಿ ಕೊಟ್ಟ ದೈವ

"ಬೇಗ ಹಾಕು ಮಾರಾಯ್ತಿ," ಎಂದ ಅಣ್ಣ ಯೋಗೀಶ್. ವಿನುತಾ ದಾಳ ಹಿಡಿದ ಮುಷ್ಟಿ ಬಿಚ್ಚಲಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯ ಕೋಣೆಯಲ್ಲಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುವ ಆಟ ನಡೆಸುತ್ತಿದ್ದ ಅವನು ಈಗಷ್ಟೇ ಜೆರಾಕ್ಸ್ ಪುಟದಿಂದ ನಿಯಮ ಓದಿದ್ದ: ಹುಟ್ಟಿನಿಂದ ಬಂದ ಶಕ್ತಿ ಉಳಿಯುತ್ತದೆ, ಯಾರಾದರೂ ಕೊಟ್ಟದ್ದಾದರೆ, ದಾಳದಲ್ಲಿ ಒಂದು ಬಿದ್ದ ಕೂಡಲೇ ಕೊಟ್ಟವರು ಕೈಬಿಡುತ್ತಾರೆ.

ತನ್ನ ಪಾತ್ರದ ಹಾಳೆಯಲ್ಲಿ ಶಕ್ತಿ ಕೊಟ್ಟವರು ಯಾರು ಎಂಬಲ್ಲಿ, ಬೇರೇನೂ ತೋಚದೆ, ಅವಳು ಊರಮನೆಯ ದೈವದ ಹೆಸರು ಬರೆದಿದ್ದಳು. ಆಸ್ಪತ್ರೆಗೆ ಸೇರಿಸಿದ ಅಕ್ಕನ ಹೆರಿಗೆ ಸುಸೂತ್ರವಾಗಲೆಂದು ಅಮ್ಮ ಬೆಳಿಗ್ಗೆ ಹರಕೆ ಹೊತ್ತದ್ದು ಅದೇ ದೈವಕ್ಕೆ.

"ಟಾಕ್ ನಾ! ಘಾಬರಲೀಸ್ ಕಾ?" ಹಾಕು, ಹೆದರಿದೆಯಾ ಎಂದು ಯೋಗೀಶನ ಗೆಳೆಯ ದಿಲೀಪ ಮರಾಠಿಯಲ್ಲಿ ಛೇಡಿಸಿದ.

"ಹಾಕೂದಿಲ್ಲ ಅಣ್ಣ. ಒಂದು ಬಿದ್ದರೆ?"

"ಬಿದ್ದರೆ ಎಂಥ? ಆಟ ಅಲ್ವಾ ಇದು?" ಯೋಗೀಶ್ ನಗುತ್ತ ಅವಳ ಹಾಳೆ ಎಳೆದುಕೊಂಡ. ಹೆಸರು ಓದಿದವನೇ ಅವಳ ಮುಷ್ಟಿ ಬಿಡಿಸಿ, ದಾಳವನ್ನು ಉರುಳದಂತೆ ಎರಡು ಬೆರಳಲ್ಲಿ ಎತ್ತಿಕೊಂಡ.

"ಇವಳ ಪಾತ್ರ ಸತ್ತಿತು, ಇನ್ನು ಇವಳು ದಾಳ ಹಾಕೂದು ಬೇಡ," ಎಂದ, ದಿಲೀಪನ ಮುಖ ನೋಡದೆ.