ಪಾಲಿನ ಮನೆ

ಬಿಸಿಲಿಗೆ ಹೆದರಿ ಕಲಬುರಗಿಯ ಜನ ನೆಲದೊಳಗೆ ಇಳಿದ ಮೇಲೆ, ಆಕಾಶ ಕಾಣುವ ರಜೆಮನೆಗಳು ಗುಡ್ಡದ ಮೇಲೆ ಮಾತ್ರ ಉಳಿದಿದ್ದವು. ಅವುಗಳಿಗೆ ಎಷ್ಟು ಬೇಡಿಕೆಯೆಂದರೆ, ಖಾಲಿ ಬಿಟ್ಟುಹೋದ ಮನೆ ಅಂದೇ ಬೇರೆಯವರ ಕೈಸೇರುತ್ತಿತ್ತು. ಹಾಗಾಗಿ ಚಂದ್ರಭಾಗಾ ಮತ್ತು ಅವಳ ತಮ್ಮ ಶರಣು ಪಾಲಿನಲ್ಲಿ ಮನೆ ಹಿಡಿದಾಗ, ವರ್ಷಕ್ಕೊಬ್ಬರು ಕಾವಲಿರಬೇಕೆಂದು ಮಾತಾಗಿತ್ತು. ಮೊದಲ ವರ್ಷ ಅಕ್ಕ ಉಳಿದಳು. ಶರಣುವಿನ ಸರದಿ ಮಾತ್ರ ಬರಲೇ ಇಲ್ಲ.

ಅಷ್ಟರಲ್ಲಿ ಕೆಳಗೆ ಚಂದ್ರಭಾಗಾಳ ಮಗಳು ಹಡೆದಿದ್ದಳು. ಎಳೆಗೂಸನ್ನು ಮೇಲೆ ತರುವಂತಿರಲಿಲ್ಲ.

ಈ ಸಲವೂ ಶರಣು ಹೆಂಡತಿ ನೀಲಾಳೊಡನೆ ಬಂದು, ಅಂಗಳದಲ್ಲಿ ಮಲಗಿ ಮನಸಾರೆ ಮೋಡ ನೋಡಿ, ಹೊರಟು ನಿಂತ.

“ಈಗ ನಿನ್ನ ಪಾಳಿ ಶರಣು. ನಾ ಮೊಮ್ಮಗಳ ಮಾರಿ ನೋಡಬೇಕು.”

“ನೌಕರಿ ಬಿಟ್ಟು ಹ್ಯಾಂಗ ಇರ್ಲಿ ಅಕ್ಕಾ? ಪಾಲು ಬ್ಯಾಡ, ಪೂರಾ ಕೊಂಡೇ ಬಿಡೋಣ. ನಿನ್ನ ಹೆಸರಿಗೇ ಮಾಡಸ್ತೀನಿ.”

ಮನೆ ಕೊಂಡವರಿಗೆ ಗುಡ್ಡವೇ ಖಾಯಂ ಊರು. ಮತ್ತೆ ಕೆಳಗೆ ಬಿಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

“ಬಾಡಿಗಿಗಿ ಬಂದು ಹೋಗೋಣ ಅಂತ ನಾ ಅವತ್ತೇ ಅಂದಿದ್ದೆ” ಎಂದ ಚಂದ್ರಭಾಗಾ ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಕೆಳಗಿಳಿಯುವ ಗಾಡಿಯಲ್ಲಿ ಕೂತಳು.

ಶರಣು ಬಾಗಿಲಲ್ಲೇ ನಿಂತು ಕೂಗಿದ. “ಖಾಲಿ ಬಿಟ್ಟರ ಮನಿ ಹೋಗ್ತದ ಅಕ್ಕಾ!”

“ಹಂಗಾರ ನೀ ಇರು.”

ಅವನು ಹೆಂಡತಿಗಾಗಿ ಸುತ್ತ ನೋಡಿದ. ನೀಲಾ ಆಗಲೇ ಗಾಡಿ ಹತ್ತಿ, ಚಂದ್ರಭಾಗಾಳ ಪಕ್ಕ ಕೂತು, ಕದ ಎಳೆದುಕೊಳ್ಳುತ್ತಿದ್ದಳು.

ಗಾಡಿ ಇಳಿಯತೊಡಗಿತು. ಶರಣು ಒಂದು ಕಾಲನ್ನು ಹೊಸ್ತಿಲಿನಾಚೆ ಇಟ್ಟ. ಇನ್ನೊಂದನ್ನು ಎತ್ತುವ ಧೈರ್ಯ ಅವನಿಗೆ ಬರಲಿಲ್ಲ.