ಹೆಸರಿಗೆ ಒಪ್ಪಿಗೆ

"ಅಪ್ಪಾ, ಹೂಂ ಅನ್ನಿ," ಎಂದು ಅಣ್ಣತಮ್ಮಂದಿರಲ್ಲಿ ದೊಡ್ಡವನು ಮುದುಕರ ಗಲ್ಲ ಹಿಡಿದು ಎತ್ತಿದ. ಗಾಲಿಕುರ್ಚಿಯಲ್ಲಿದ್ದ ಮುದುಕರ ಬಾಯಿಂದ ಜೊಲ್ಲು ಇಳಿದು ಅವನ ಬೆರಳಿಗೆ ತಾಗಿತು. ಅವನು ಮುಖ ಸಿಂಡರಿಸಿ, ಬೆರಳನ್ನು ಮುದುಕರ ಅಂಗಿಗೇ ಒರೆಸಿದ.

ಪಕ್ಕದ ಮೇಜಿನ ಟೈಪಿಸ್ಟ್ ಕೆಲಸ ನಿಲ್ಲಿಸಿ ಅವನನ್ನೇ ದುರುಗುಟ್ಟಿ ನೋಡಿದಳು. ಕಂಪನಿಗಳ ಹೆಸರು ಮಂಜೂರು ಮಾಡುವ ಈ ಕಚೇರಿಗೆ ಅವಳು ಹೊಸಬಳು. ಆದರೂ ಜನ ಹೆಸರಿಗಾಗಿ ಆಡುವ ಆಟ ಅವಳಿಗೆ ಸಾಕುಸಾಕಾಗಿತ್ತು. ಇರುವ ಕಂಪನಿಯ ಹೆಸರಿಗೇ ಒಂದು ಬಾಲ ಅಂಟಿಸಿ ತರುವವರು, ಸರ್ಕಾರದ್ದೇ ಸಂಸ್ಥೆ ಅನ್ನಿಸುವಂಥ ಹೆಸರಿಟ್ಟು ಜನರಿಗೆ ಟೋಪಿ ಹಾಕಲು ಹೊರಟವರು. ಅಂಥವರನ್ನು ಅಧಿಕಾರಿ ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದರು. ಆದರೆ ಈ ಅಣ್ಣತಮ್ಮಂದಿರಷ್ಟು ಹೇಸಿಗೆಯವರನ್ನು ಅವಳು ಕಂಡಿರಲಿಲ್ಲ.

ಅವರಿಗೆ ಬೇಕಿದ್ದದ್ದು ಅಪ್ಪನ ಹೆಸರು. ಆ ಹೆಸರಿನ ಕೆಮ್ಮಿನ ಔಷಧಿ ಕುಡಿಯದ ಮಗು ಊರಲ್ಲಿರಲಿಲ್ಲ. ಟೈಪಿಸ್ಟ್‌ಳ ಮಗಳೂ ಅದನ್ನೇ ಕುಡಿದು ಬೆಳೆದವಳು. ಮುದುಕರ ಮುಖ ಕಂಡವರು ಕಡಿಮೆ, ಹೆಸರು ಕೇಳದವರಿಲ್ಲ. ಈ ಇಬ್ಬರು ಮಕ್ಕಳು ಔಷಧಿಗೆ ಬಣ್ಣದ ನೀರು ಬೆರೆಸುವುದು ಗೊತ್ತಾದ ದಿನವೇ ಅವರು ಕಾರ್ಖಾನೆಗೆ ಬೀಗ ಜಡಿದರಂತೆ. ನಾನು ಬದುಕಿರುವವರೆಗೆ ನಿಮ್ಮ ಸೀಸೆಯ ಮೇಲೆ ನನ್ನ ಹೆಸರು ಬರಕೂಡದು ಅಂದರಂತೆ.

ಈಗ ಕಾನೂನೊಂದೇ ಅಡ್ಡ. ಬದುಕಿರುವವರ ಹೆಸರನ್ನು ಕಂಪನಿಗೆ ಇಡಬೇಕಾದರೆ ಅವರೇ ಬಂದು ಅಧಿಕಾರಿಯ ಎದುರು ಒಪ್ಪಬೇಕು.

"ಲಕ್ವ ಹೊಡೆದಿದೆ ಸಾರ್, ಮಾತು ಬರಲ್ಲ. ಆದ್ರೆ ಎಲ್ಲಾ ತಿಳಿಯುತ್ತೆ," ಎಂದ ಚಿಕ್ಕವನು, ನೀರಿನ ಲೋಟವನ್ನು ಮುದುಕರ ತುಟಿಗೆ ಒತ್ತುತ್ತ.

"ಲೋಟದಲ್ಲಿ ಬೇಡ, ನೆತ್ತಿಗೇರುತ್ತೆ!" ಅಧಿಕಾರಿ ದಡಕ್ಕನೆ ಎದ್ದು ಬಂದರು. ತಮ್ಮ ಊಟದ ಡಬ್ಬಿಯಿಂದ ಚಮಚ ತೆಗೆದು ಹನಿಹನಿಯಾಗಿ ಕುಡಿಸಿದರು. ಕುರ್ಚಿಯಿಂದ ಜಾರಿದ್ದ ಕಾಲನ್ನು ಎತ್ತಿ ಸರಿಯಾಗಿ ಇಟ್ಟರು. ಸ್ವಂತ ಮಕ್ಕಳಿಗಿಲ್ಲದ ಕರುಳು ಈ ಮನುಷ್ಯನಿಗಿದೆಯಲ್ಲ ಎಂದು ಟೈಪಿಸ್ಟ್‌ಳ ಕಣ್ಣು ತುಂಬಿತು. ಇವರು ಖಂಡಿತ ಈ ಅನ್ಯಾಯಕ್ಕೆ ಮೊಹರು ಒತ್ತುವುದಿಲ್ಲ ಎಂದುಕೊಂಡಳು.

"ಯಜಮಾನರೇ, ನಿಮ್ಮ ಹೆಸರನ್ನ ಇವರ ಕಂಪನಿಗೆ ಇಡೋಕೆ ಒಪ್ಪಿಗೆ ತಾನೆ?"

ಮುದುಕರು ಅಧಿಕಾರಿಯ ಮುಖವನ್ನೇ ನೋಡಿದರು. ತುಂಬ ಹೊತ್ತು ನೋಡಿ, ಮೆಲ್ಲಗೆ ತಲೆ ಆಡಿಸಿದರು.

"ಸಾರ್," ಟೈಪಿಸ್ಟ್‌ಗೆ ತಡೆಯಲಾಗಲಿಲ್ಲ. "ಅವರಿಗೆ ಅರ್ಥ ಆಯ್ತೋ ಇಲ್ವೋ. ಇನ್ನೊಂದ್ಸಲ ಕೇಳಿ."

"ತಲೆ ಆಡಿಸಿದ್ದು ನೀವೂ ನೋಡಿದ್ರಲ್ಲಮ್ಮ. ಕಾನೂನು ಕೇಳೋದು ಅಷ್ಟೇ." ಮೊಹರು ಬಿತ್ತು.

ಅಣ್ಣತಮ್ಮಂದಿರು ಕಾಗದ ಕಸಿದುಕೊಂಡವರೇ ನಗುತ್ತ ಹೊರಟರು. ಗಾಲಿಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಟೈಪಿಸ್ಟ್‌ಳ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲಿಳಿದು ಕಾರಿನ ಬಳಿಗೆ ಓಡಿದಳು.

"ಥೂ, ನಾಚಿಕೆ ಆಗಲ್ವಾ ನಿಮಗೆ? ಕೆಲಸ ಮುಗೀತು ಅಂತ ಅಪ್ಪನ್ನೇ ಬಿಟ್ಟು ಹೋಗ್ತಿದ್ದೀರಲ್ಲ!"

ದೊಡ್ಡವನು ಗಾಜು ಇಳಿಸಿದ. "ಅವರನ್ನ ಕರ್ಕೊಂಡು ಹೋಗೋರು ಮೇಲೇ ಇದ್ದಾರೆ, ಹೋಗಮ್ಮ."

ಅವಳು ಏದುಸಿರು ಬಿಡುತ್ತ ಮೇಲೆ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಅಧಿಕಾರಿ ಮಂಡಿಯೂರಿ ಕುಳಿತು ಮುದುಕರ ಬಾಯಿ ಒರೆಸುತ್ತಿದ್ದರು.

"ಚೆನ್ನಾಗೇ ತಲೆ ಆಡಿಸಿದ್ರಿ ಅಪ್ಪಾ," ಎನ್ನುತ್ತಿದ್ದರು. "ಮನೆಗೆ ಹೋಗಿ ಮಲಗಿಬಿಡಿ. ನಾಳೆ ಇನ್ಯಾರಿಗೋ ಅಪ್ಪ ಆಗ್ಬೇಕಲ್ಲ."